ಬಟ್ಟಲುಗಳಲ್ಲಿ ನೀರಿತ್ತು

ನೀಲಮ್ಮ ಅತ್ತಿಗೆಯ ಜೇನುಪೆಟ್ಟಿಗೆಗೆ ಇರುವೆ ಹತ್ತಿಸಿದವಳು ನಾನು. ಇರುವೆ ತಾವಾಗಿ ಹತ್ತಲಿಲ್ಲ. ಜೇನು ಸುಮ್ಮನೆ ಬಿಟ್ಟುಹೋಗಲಿಲ್ಲ. ಆಕೆಯ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಬೋನಾಳದ ನಮ್ಮ ಓಣಿಯವರು ಇಷ್ಟು ವರ್ಷ ಆಡಿಕೊಂಡದ್ದು, ಆಕೆಯೇ ನಂಬಿಕೊಂಡು ಬದುಕಿದ್ದು, ಎಲ್ಲವೂ ನನ್ನ ಬಾಯಿಂದ ಬಂದ ಸುಳ್ಳು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬೇಕಾದಷ್ಟು ವೇಳೆ ಇತ್ತು — ಒಂದು ಆಯುಷ್ಯದಷ್ಟು ವೇಳೆ. ತೆಗೆದುಕೊಳ್ಳಲಿಲ್ಲ.

ನನ್ನ ಹೆಸರು ಬಸಮ್ಮ. ಈಗ ಹುಣಸಗಿಯಲ್ಲಿ ಮಗನ ಮನೆಯಲ್ಲಿದ್ದೇನೆ. ತವರುಮನೆ ಸುರಪುರದ ಹತ್ತಿರದ ಬೋನಾಳ. ಕೆರೆಯ ಕೆಳಗೆ ಒಂದಿಷ್ಟು ಹೊಲ, ದಿಬ್ಬದ ಮೇಲೆ ಒಂದಿಷ್ಟು ಹೊಲ, ಎರಡೆತ್ತು — ಅಷ್ಟೇ ನಮ್ಮ ಸಂಸಾರ. ನಾನು ಇನ್ನೂ ಸಣ್ಣವಳಿದ್ದಾಗಲೇ ಅವ್ವ ತೀರಿಕೊಂಡಳು. ನಂತರ ಅಣ್ಣನ ಹೆಂಡತಿಯಾಗಿ ನೀಲಮ್ಮ ಬಂದಳು. ನನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದವಳು, ಜ್ವರ ಬಂದರೆ ಪಕ್ಕದಲ್ಲಿ ಮಲಗಿದವಳು, ರೊಟ್ಟಿ ಬಡಿಯಲು ಕಲಿಸಿದವಳು ಆಕೆಯೇ. ಅವ್ವನ ಮುಖ ನನಗೆ ನೆನಪಿಲ್ಲ. ಅವ್ವ ಅಂದರೆ ಇವತ್ತಿಗೂ ಕಣ್ಣ ಮುಂದೆ ಬರುವುದು ಅತ್ತಿಗೆ. ಇದನ್ನು ನನ್ನ ತಪ್ಪು ಹಗುರಾಗಲೆಂದು ಹೇಳುತ್ತಿಲ್ಲ. ಯಾರಿಗೆ ಮಾಡಿದೆ ಎಂಬುದು ನಿಮಗೆ ಗೊತ್ತಿರಲಿ ಎಂದು ಹೇಳುತ್ತಿದ್ದೇನೆ.

ರಜಾಕಾರರ ಗದ್ದಲದ ವರ್ಷ ನಮ್ಮ ಓಣಿಗೆ ಓಣಿಯೇ ಗಡಿ ದಾಟಿ ಬಿಜಾಪುರದ ಕಡೆ ಹೋಯಿತು. ನಾವೂ ಹೋದೆವು. ಕೊಟ್ಟಿಗೆಯಲ್ಲಿ ಎತ್ತು ಕಟ್ಟಿದ್ದು ಹಾಗೇ ಇದೆ ಎಂದು ಅಣ್ಣ ಒಬ್ಬನೇ ತಿರುಗಿ ಊರಿಗೆ ಹೊರಟ. ಅತ್ತಿಗೆಯೇ ಅವನಿಗೆ ಬುತ್ತಿ ಕಟ್ಟಿಕೊಟ್ಟಳು. ಅವನು ಮತ್ತೆ ಬರಲಿಲ್ಲ. ಮುಂದೆ ಮಿಲಿಟರಿ ಬಂತು, ನಿಜಾಮರ ರಾಜ್ಯ ಹೋಯಿತು, ಜನ ಊರಿಗೆ ತಿರುಗಿದರು. ಕೆರೆಯ ಆಚೆ ಅಣ್ಣನನ್ನು ಯಾರೋ ಮಣ್ಣು ಮಾಡಿದ್ದರು. ಆ ಜಾಗವನ್ನಷ್ಟೇ ನಮಗೆ ತೋರಿಸಿದರು. ಸ್ವಲ್ಪ ದಿನಕ್ಕೆ ಅಪ್ಪನಿಗೆ ಲಕ್ವಾ ಹೊಡೆದು ಎಡಗಡೆ ಪೂರ್ತಿ ಹೋಯಿತು.

ಓಣಿಯ ಹೆಂಗಸರಿಗೆ ಒಂದು ಮಾತು ಸಿಕ್ಕಿತು. ಬುತ್ತಿ ಕಟ್ಟಿಕೊಟ್ಟಳು, ಗಂಡ ಹೋದ. ಮಾವನಿಗೆ ಉಣ್ಣಿಸಿದಳು, ಮಾವ ಹಾಸಿಗೆ ಹಿಡಿದ. ಯಾರೂ ಎದುರಿಗೆ ಅನ್ನುತ್ತಿರಲಿಲ್ಲ. ಬಿತ್ತುವ ದಿನ ಬೀಜದ ಬುಟ್ಟಿ ಆಕೆಯ ಕೈಗೆ ಕೊಡುತ್ತಿರಲಿಲ್ಲ, ಅಷ್ಟೇ. ಹೆಪ್ಪು ಕೇಳಲು ಬಂದವರು ಆಕೆ ಹಿತ್ತಲಿಗೆ ಹೋಗುವ ತನಕ ಬಾಗಿಲಲ್ಲಿ ನಿಂತು, ನನ್ನ ಕೈಯಿಂದ ಇಸಿದುಕೊಂಡು ಹೋಗುತ್ತಿದ್ದರು. ಅತ್ತಿಗೆಗೆ ಎಲ್ಲ ತಿಳಿಯುತ್ತಿತ್ತು. ಯಾರಾದರೂ ಬಂದರೆ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಳ್ಳುವುದನ್ನು ಆಕೆ ರೂಢಿ ಮಾಡಿಕೊಂಡಳು.

ಅದು ಎಲ್ಲ ಹೊಸದಾಗುತ್ತಿದ್ದ ಕಾಲ. ಕಚೇರಿಯಲ್ಲಿ ಉರ್ದು ಹೋಗಿ ಕನ್ನಡ ಬರುತ್ತದೆಯಂತೆ, ನಮ್ಮ ತಾಲೂಕು ಕನ್ನಡದವರ ರಾಜ್ಯಕ್ಕೆ ಸೇರುತ್ತದೆಯಂತೆ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಶಹಾಪುರದಲ್ಲಿ ಹೆಣ್ಣುಮಕ್ಕಳಿಗೆ ಕಸುಬು ಕಲಿಸುವ ಒಂದು ಕೇಂದ್ರ ತೆರೆದಿತ್ತು. ಅಲ್ಲಿ ಕಲಿಸುವ ಅಕ್ಕೋರು ಊರೂರು ತಿರುಗುತ್ತ ನಮ್ಮೂರಿಗೂ ಬಂದರು. ಚರಕ ಬೇಕೇ, ಹೊಲಿಗೆ ಬೇಕೇ, ಜೇನುಪೆಟ್ಟಿಗೆ ಬೇಕೇ ಎಂದು ಕೇಳಿದರು. ಜೇನುಪೆಟ್ಟಿಗೆ ಅಂದಾಗ ಹೆಂಗಸರೆಲ್ಲ ನಕ್ಕರು. ಅತ್ತಿಗೆ ಒಬ್ಬಳೇ, ಬಾಗಿಲ ಹಿಂದಿನಿಂದ, "ನಾ ಇಟ್ಕೋತೀನ್ರಿ" ಅಂದಳು.

ದಿಬ್ಬದ ಹೊಲದ ಹುಣಸೆಮರದ ಪೊಟರೆಯಲ್ಲಿ ಜೇನಿತ್ತು. ಅಕ್ಕೋರು ಹೇಳಿಕೊಟ್ಟ ಹಾಗೆ ಒಂದಿಷ್ಟು ಹೊಗೆ ಹಾಕಿ, ಮೇಣದ ಎರಿಗಳನ್ನು ಒಂದೊಂದಾಗಿ ಬಿಡಿಸಿ, ಕಡೆಗೆ ರಾಣಿಹುಳವನ್ನು ಅಂಗೈಯೊಳಗೆ ಮುಚ್ಚಿಕೊಂಡು ತಂದು ಪೆಟ್ಟಿಗೆಗೆ ಬಿಟ್ಟಳು ಅತ್ತಿಗೆ. ಉಳಿದ ಹುಳಗಳು ಆಕೆಯ ಮೊಳಕೈ ತನಕ ಕೂತಿದ್ದವು. ಒಂದೂ ಕಚ್ಚಲಿಲ್ಲ. ನೋಡುತ್ತ ನಿಂತ ಹೆಂಗಸರಲ್ಲಿ ಒಬ್ಬಾಕೆ, "ಅವ್ವಾ, ಈಕಿ ಕೈ ನೋಡ್ರಿ" ಅಂದಳು. ಅವತ್ತು ಮೊದಲ ಸಲ ಆ ಮಾತು ಬೇರೆ ರೀತಿಯಲ್ಲಿ ಕೇಳಿಸಿತು.

ಹಿತ್ತಲ ಬೇವಿನಮರದ ನೆರಳಿನಲ್ಲಿ ನಾಲ್ಕು ಕಾಲಿನ ಮಣೆಯ ಮೇಲೆ ಪೆಟ್ಟಿಗೆ ಇಟ್ಟೆವು. ನಮ್ಮ ಕಡೆ ಜೇನಿಗೆ ದೊಡ್ಡ ವೈರಿ ಕೆಂಪಿರುವೆ. ಒಂದು ಸಲ ದಾರಿ ಸಿಕ್ಕರೆ ಸಾಲು ಹಿಡಿದು ಬಂದು ಜೇನುತುಪ್ಪ, ಮೊಟ್ಟೆ, ಮರಿ, ಎಲ್ಲ ಖಾಲಿ ಮಾಡುತ್ತವೆ. ಅದಕ್ಕೆ ಮಣೆಯ ಪ್ರತಿ ಕಾಲಿನ ಕೆಳಗೂ ಒಂದು ಮಣ್ಣಿನ ಬಟ್ಟಲು, ಬಟ್ಟಲ ತುಂಬ ನೀರು. ನಮ್ಮ ಬಿಸಿಲಿಗೆ ಆ ನೀರು ಎಲ್ಲಿ ನಿಲ್ಲಬೇಕು? ಬೆಳಿಗ್ಗೆ ತುಂಬಿದ್ದು ಹೊತ್ತು ಇಳಿಯುವುದರೊಳಗೆ ತಳ ಕಾಣುತ್ತಿತ್ತು. ಒಂದು ಬೇವಿನ ಎಲೆ ಬಿದ್ದರೂ ಇರುವೆಗೆ ಅದೇ ಸೇತುವೆ. ಅತ್ತಿಗೆ ಕೆರೆಯಿಂದ ತಂದ ನೀರಿನಲ್ಲಿ ಮೊದಲು ಬಟ್ಟಲುಗಳಿಗೆ ಹಾಕಿ ಆಮೇಲೆ ಹಂಡೆಗೆ ಸುರಿಯುತ್ತಿದ್ದಳು. ಎಲೆ ಹೆಕ್ಕುವಳು. ಸುತ್ತಲಿನ ಹುಲ್ಲು ಚಿವುಟುವಳು. ಒಲೆಯ ಬೂದಿಯನ್ನು ಮಣೆಯ ಸುತ್ತ ಗೆರೆಯ ಹಾಗೆ ಹಾಕುವಳು. ಅಪ್ಪನ ಆರೈಕೆ, ಹೊಲ, ಒಲೆ, ಇವುಗಳ ನಡುವೆ ಅದಕ್ಕೆ ಎಲ್ಲಿಂದ ವೇಳೆ ತರುತ್ತಿದ್ದಳೋ.

ಎರಡು ಸಲ ತುಪ್ಪ ಬಂತು. ಕೂಸಿನ ನಾಲಗೆಗೆ ಹಚ್ಚಲು, ಕೆಮ್ಮಿಗೆ ಎಂದು ಹೆಂಗಸರು ಬಟ್ಟಲು ಹಿಡಿದು ಬರತೊಡಗಿದರು. ಮೊದಲು ನನ್ನನ್ನು ಕೇಳುತ್ತಿದ್ದರು. ಆಮೇಲೆ ಆಕೆಯನ್ನೇ ಕೇಳಿದರು. ಆಕೆ ಸೆರಗಿನೊಳಗಿಂದ ಕೈ ಹೊರಗೆ ತೆಗೆದು ಕೊಟ್ಟಳು. ನಾನು ಅದನ್ನು ಕಣ್ಣಾರೆ ಕಂಡೆ — ಕಂಡೂ —

ಅಕ್ಕೋರು ಮತ್ತೆ ಬಂದರು. ಯಾದಗಿರಿಯಲ್ಲಿ ಇನ್ನೊಂದು ಕೇಂದ್ರ ತೆರೆಯುತ್ತಾರೆ, ಜೇನು ಸಾಕುವುದನ್ನು ಕಲಿಸಲು ಒಬ್ಬ ಹೆಣ್ಣುಮಗಳು ಬೇಕು, ಇರಲು ಅಲ್ಲೇ ಮನೆ ಕೊಡುತ್ತಾರೆ ಎಂದರು. ಮೊದಲು ಶಹಾಪುರಕ್ಕೆ ಹೋಗಿ ಕೆಲವು ದಿನ ಇದ್ದು ಕಲಿತು ಬರಬೇಕು. ಆಮೇಲೆ ಮೇಲಿನವರು ಬಂದು ಈ ಪೆಟ್ಟಿಗೆ ನೋಡಿ ಒಪ್ಪಬೇಕು. ಅಷ್ಟಾದರೆ ಕೆಲಸ ಆಕೆಯದೇ. ಹಾಸಿಗೆಯಲ್ಲಿದ್ದ ಅಪ್ಪ ತೊದಲುತ್ತ, "ಹೋಗು ಮಗಳ" ಅಂದ. ಅತ್ತಿಗೆ ನನ್ನ ಕಡೆ ತಿರುಗಿದಳು. "ನೀ ದೊಡ್ಡಾಕಿ ಆಗೀದಿ ಬಸಮ್ಮ. ಅಪ್ಪನ್ನ ನೋಡ್ಕೋತಿ. ನಾ ಹಬ್ಬಕ್ಕ ಬರ್ತೀನಿ, ನಿನ್ನ ಮದಿವಿಗಿ ಬರ್ತೀನಿ." ಆಕೆ ಅದನ್ನು ನಗುತ್ತ ಹೇಳಿದಳು.

ಆ ನಗೆಯನ್ನು ನನಗೆ ಸಹಿಸಲಾಗಲಿಲ್ಲ. ಅಣ್ಣ ಸತ್ತ ಮೇಲೆ ಆ ಮುಖದಲ್ಲಿ ನಾನು ನಗೆ ಕಂಡಿರಲಿಲ್ಲ. ಈಗ ನಮ್ಮನ್ನು ಬಿಟ್ಟುಹೋಗುವ ಮಾತಿಗೆ ಬಂತಲ್ಲ ಅನಿಸಿತು. ಅಪ್ಪನ ಬಟ್ಟೆ ಒಗೆಯುವುದು, ಮೈ ತೊಳೆಯುವುದು, ಎತ್ತಿ ಕೂರಿಸುವುದು, ಇನ್ನು ಎಲ್ಲ ನಾನೊಬ್ಬಳೇ. ನನ್ನನ್ನು ಯಾರು ಮದುವೆ ಮಾಡಿಕೊಂಡು ಹೋಗುತ್ತಾರೆ, ಅಪ್ಪನನ್ನು ಯಾರ ಮೇಲೆ ಬಿಟ್ಟು ಹೋಗಲಿ — ಹೀಗೆಲ್ಲ ಅಂದುಕೊಂಡೆ. ಆಕೆ ಇಲ್ಲದ ಮನೆಯಲ್ಲಿ ಇರಲು ಭಯವೂ ಇತ್ತು. ಪ್ರೀತಿಯೂ ಇತ್ತು ಎಂದರೆ ನೀವು ನಂಬಬೇಕಾಗಿಲ್ಲ.

ಹೊರಡುವ ಬೆಳಿಗ್ಗೆ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. "ಬಟ್ಲದಾಗಿನ ನೀರು ಆರಗೊಡಬ್ಯಾಡ. ಎಲಿ ಬಿದ್ದರ ತಗೀ. ಇಷ್ಟ ಮಾಡು, ಉಳಿದದ್ದು ಅವೇ ನೋಡ್ಕೋತಾವ." ನಾನು ಹೂಂ ಅಂದೆ.

ಮೊದಲ ದಿನ ನೀರು ಹಾಕಿದೆ. ಮರುದಿನ ಹಾಕಲಿಲ್ಲ. ಮರೆತೆ ಎಂದು ಹೇಳಬಹುದಿತ್ತು, ಆದರೆ ಮರೆತಿರಲಿಲ್ಲ. ಕೊಡ ಹೊತ್ತುಕೊಂಡು ಬಟ್ಟಲುಗಳ ಪಕ್ಕದಲ್ಲೇ ದಾಟಿ ಹೋದೆ. ಒಣಗಿದ ಬಟ್ಟಲ ಕಡೆ ಇರುವೆ ಬಂದವು, ಬೂದಿಯ ಗೆರೆ ಕಂಡು ಹಿಂದೆ ಸರಿದವು. ಆಗ ಹಿತ್ತಲ ಗೋಡೆಗೆ ಒಟ್ಟಿದ್ದ ಕಣಕಿಯಲ್ಲಿ ಒಂದು ಜೋಳದ ದಂಟು ಎಳೆದು, ಒಂದು ತುದಿ ಗೋಡೆಗೆ, ಒಂದು ತುದಿ ಪೆಟ್ಟಿಗೆಗೆ ತಾಗುವ ಹಾಗೆ ಇಟ್ಟೆ. ಗೋಡೆಯ ಬಿರುಕಿನಲ್ಲಿ ಇರುವೆಯ ಗೂಡು ಇರುವುದು ನನಗೆ ಗೊತ್ತಿತ್ತು.

ಜೇನುಹುಳ ಸುಮ್ಮನೆ ಬಿಟ್ಟುಕೊಡಲಿಲ್ಲ. ಬಾಗಿಲಲ್ಲಿ ಒತ್ತಾಗಿ ನಿಂತು ರೆಕ್ಕೆ ಬಡಿದವು. ಇರುವೆಯನ್ನು ಕಚ್ಚಿ ಎಳೆದು ತಂದು ಕೆಳಗೆ ಹಾಕಿದವು. ಪೆಟ್ಟಿಗೆಯೊಳಗಿಂದ ಬಂದ ಶಬ್ದ ಅಪ್ಪನ ಹಾಸಿಗೆಯ ತನಕ ಕೇಳಿಸಿತು. ಅಪ್ಪ ಕಣ್ಣಲ್ಲೇ ಏನದು ಎಂದು ಕೇಳಿದ. ಏನಿಲ್ಲ ಅಂದೆ. ಮರುದಿನ ಮಧ್ಯಾಹ್ನ ಹುಳಗಳೆಲ್ಲ ಹೊರಗೆ ಬಂದು ಬೇವಿನಮರದ ಮೇಲೆ ಒಂದು ಗಳಿಗೆ ತಿರುಗಿ ಕೆರೆಯ ಕಡೆ ಹೋದವು. ರೆಕ್ಕೆ ಮೂಡದ ಮರಿಗಳು ಎರಿಯಲ್ಲೇ ಉಳಿದವು. ಅವುಗಳನ್ನು ಇರುವೆ ತಿಂದವು.

ನಾನು ದಂಟು ತೆಗೆದು ಒಲೆಗೆ ಹಾಕಿದೆ. ನಾಲ್ಕೂ ಬಟ್ಟಲಿಗೆ ನೀರು ತುಂಬಿದೆ.

ಅತ್ತಿಗೆ ಬಂದವಳು ಗಂಟು ಕೆಳಗಿಡದೆ ನೇರ ಹಿತ್ತಲಿಗೆ ಹೋದಳು. ಮುಚ್ಚಳ ತೆಗೆದಳು. ಒಂದು ಎರಿ ಎತ್ತಿ ಬಿಸಿಲಿಗೆ ಹಿಡಿದು ನೋಡಿ ಮೆಲ್ಲಗೆ ಕೆಳಗಿಟ್ಟಳು. ಬಗ್ಗಿ ಬಟ್ಟಲಲ್ಲಿ ಬೆರಳದ್ದಿದಳು.

"ದಿನಾ ನೀರು ಹಾಕಿದ್ದಿಯೇನು?"

"ದಿನಾ ಹಾಕೀನಿ."

"ಎಲಿ ಬಿದ್ದಿತ್ತೇನು?"

"ಒಂದೂ ಬಿದ್ದಿಲ್ಲ ಅತ್ತಿಗಿ."

ಆಕೆ ನನ್ನನ್ನು ಅನುಮಾನಿಸಲಿಲ್ಲ. ಅನುಮಾನಿಸಿ ಒಂದು ಏಟು ಹಾಕಿದ್ದರೆ ಬಹುಶಃ ಬಾಯಿಬಿಡುತ್ತಿದ್ದೆ. ತನ್ನ ಕೈಯನ್ನೇ ಮಗುಚಿ ನೋಡಿಕೊಂಡಳು. "ಹಂಗಾದರ ನಂದೇ," ಅಂದಳು. ಅಷ್ಟೇ.

ಅಕ್ಕೋರು ಬಂದು ಬಹಳ ಹೇಳಿದರು. ಇರುವೆ ಮರದ ಮೇಲಿಂದಲೂ ಬೀಳುತ್ತವೆ, ಜೇನು ಬಿಟ್ಟುಹೋಗುವುದು ಎಲ್ಲ ಕಡೆ ಇದ್ದದ್ದೇ. "ಇನ್ನೊಂದು ಹಿಡೀರಿ ನೀಲಮ್ಮ. ಯಾದಗಿರಿ ಕೆಲಸ ನಿಮ್ಮದೇ ಅದ, ನಾ ಹೇಳ್ತೀನಿ ಅವರಿಗೆ."

"ಬ್ಯಾಡ್ರಿ ಅಕ್ಕೋರೆ," ಅಂದಳು ಅತ್ತಿಗೆ. "ನೀರು ಇತ್ತು, ಎಲಿ ಬಿದ್ದಿಲ್ಲ. ಆದರೂ ಹೋದವು. ನನ್ನ ಕೈಯಾಗ ಯಾವುದೂ ನಿಲ್ಲಂಗಿಲ್ರಿ. ಅಲ್ಲಿ ಹೋಗಿ ಮಂದಿಗಿ ಏನು ಕಲಿಸಲಿ?"

ನಾನು ಬಾಗಿಲ ಹಿಂದೆ ನಿಂತಿದ್ದೆ. ಕೆಲಸ ಇನ್ನೂ ತಪ್ಪಿರಲಿಲ್ಲ. ಜೇನು ಹೋದದ್ದಕ್ಕೆ ಅತ್ತಿಗೆ ಮನೆಯಲ್ಲಿ ಉಳಿಯಲಿಲ್ಲ, ನಾನು ಹೇಳಿದ ಮಾತಿಗೆ ಉಳಿದಳು. ನಾಲ್ಕು ಹೆಜ್ಜೆ ಮುಂದೆ ಬಂದು ನಿಜ ಹೇಳಿದ್ದರೆ ಅವತ್ತೇ ಎಲ್ಲ ಸರಿಹೋಗುತ್ತಿತ್ತು. ಅಕ್ಕೋರು ನೀರು ಕುಡಿದು ಹೋದರು. ಖಾಲಿ ಪೆಟ್ಟಿಗೆಯನ್ನು ಬಂಡಿಯವನು ಬಂದು ಹೊತ್ತುಕೊಂಡು ಹೋದ. ಓಣಿಯ ಹೆಂಗಸರು ಮತ್ತೆ ಬಾಗಿಲಲ್ಲೇ ನಿಂತು ನನ್ನನ್ನು ಕರೆಯತೊಡಗಿದರು.

ಮುಂದೆ ಬಹಳ ದಿನ ಆಗಲಿಲ್ಲ, ಹುಣಸಗಿಯಿಂದ ನನಗೆ ಗಂಡು ಬಂತು. ನಾನು ಮದುವೆಯಾಗಿ ಹೊರಟೆ. ಆಕೆಯನ್ನು ಯಾವ ಮನೆಯಲ್ಲಿ ಕಟ್ಟಿಹಾಕಿದ್ದೆನೋ ಆ ಮನೆಯಿಂದ ನಾನೇ ಹೊರಗೆ ಹೋದೆ. ಅಪ್ಪನನ್ನು ನೋಡಿಕೊಳ್ಳಲು ಅತ್ತಿಗೆ ಇದ್ದಳಲ್ಲ. ನನಗೆ ಅರಿಷಿಣ ಹಚ್ಚುವಾಗ ಆಕೆ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಸರೋಜಿ ಹುಟ್ಟಿದಳು. ಬಾಣಂತನ ಪೂರ್ತಿ ಅತ್ತಿಗೆಯೇ ಮಾಡಿದಳು. ನನಗೆ ನೀರು ಕಾಸಿ ಹಾಕುವುದು, ಖಾರ ಮಾಡಿಕೊಡುವುದು, ಅಗ್ಗಿಷ್ಟಿಗೆ ಹಾಕುವುದು, ಒಂದರಲ್ಲೂ ಕೊರತೆ ಇಲ್ಲ. ಕೂಸನ್ನು ಮಾತ್ರ ಮುಟ್ಟಲಿಲ್ಲ. ಎರೆಯಲು ಆಚೆಮನೆಯ ಮುದುಕಿಯನ್ನು ಕರೆಸಿದಳು. "ಎತ್ಕೋ ಅತ್ತಿಗಿ" ಎಂದು ನಾನು ಚಾಚಿದರೆ ಕೈ ಸೆರಗಿನೊಳಗೆ ಹೋದವು. "ನನ್ನ ಕೈ ಬ್ಯಾಡವ್ವ ಕೂಸಿಗಿ. ಚಂದ ಬೆಳೀಲಿ." ತೊಟ್ಟಿಲಿಗೆ ಒಂದು ಉದ್ದನೆಯ ಹಗ್ಗ ಕಟ್ಟಿಕೊಂಡು, ಪಡಸಾಲೆಯ ಆ ಮೂಲೆಯಲ್ಲಿ ಕೂತು, ದೂರದಿಂದ ತೂಗುತ್ತಿದ್ದಳು. ತೂಗುತ್ತ ಜೋಗುಳ ಹಾಡುತ್ತಿದ್ದಳು. ಕೂಸು ಅತ್ತರೆ ಎದ್ದು ನಿಲ್ಲುವಳು, ಎರಡು ಹೆಜ್ಜೆ ಬರುವಳು, ಮತ್ತೆ ನಿಂತು ನನ್ನನ್ನು ಕೂಗುವಳು.

ನಾನು ಹಾಸಿಗೆಯ ಮೇಲೆ ಮಲಗಿ ಅದನ್ನು ನೋಡಿದೆ. ದಿನವೂ ನೋಡಿದೆ. ನಾಲಗೆಯ ತುದಿಗೆ ಬಂದದ್ದು — ಬಂದು — ಗಂಡನ ಮನೆಗೆ ತಿಳಿದರೆ ಏನಾದೀತು, ಆಕೆ ನನ್ನ ಬಾಣಂತನ ಬಿಟ್ಟು ಎದ್ದರೆ ಏನಾದೀತು... ಸುಮ್ಮನಾದೆ.

ಅಪ್ಪ ತೀರಿಕೊಂಡ. ಹೊಲವನ್ನು ದಾಯಾದಿಗಳು ನೋಡಿಕೊಂಡರು. ಅತ್ತಿಗೆ ಅದೇ ಮನೆಯ ಒಂದು ಕೋಣೆಯಲ್ಲಿ ಉಳಿದಳು. ಸರೋಜಿ ಬೆಳೆದಳು, ಓದಿದಳು, ಶಹಾಪುರದಲ್ಲಿ ಮಾಸ್ತರಿಕೆ ಹಿಡಿದಳು. ಬೋನಾಳಕ್ಕೆ ಹೋಗೋಣ ಎಂದರೆ ಮುಖ ತಿರುಗಿಸುತ್ತಿದ್ದಳು. "ಆ ಸೋದರತ್ತಿಗಿ ನನ್ನ ಕಂಡರ ಆಗಂಗಿಲ್ಲ ಅವ್ವ. ಸಣ್ಣಾಕಿದ್ದಾಗ ಒಮ್ಮೆನೂ ಮೈ ಮುಟ್ಟಿಲ್ಲ." ಹಾಗಲ್ಲ ಎಂದು ನಾನು ಹೇಳುತ್ತಿದ್ದೆ. ಹೇಗೆ ಎಂದು ಹೇಳುತ್ತಿರಲಿಲ್ಲ.

ಹೋದ ವರ್ಷ ನನ್ನ ಯಜಮಾನರು ತೀರಿಕೊಂಡರು. ಮೊಮ್ಮಗನ ಕೂಸಿಗೆ ಹೆಸರಿಡುವ ದಿನ ಸೊಸೆ ಕೂಸನ್ನು ನನ್ನ ಕಡೆ ಚಾಚಿದಳು. ಯಾರೋ ಹೆಂಗಸು, "ಮೊದಲ ಮುತ್ತೈದಿ ಕೈಗಿ ಕೊಡವ್ವ" ಅಂದಳು. ಸೊಸೆ ಆ ಮಾತು ಲೆಕ್ಕಕ್ಕಿಡಲಿಲ್ಲ, ಕೂಸನ್ನು ನನ್ನ ಮಡಿಲಿಗೇ ಹಾಕಿದಳು. ಅಷ್ಟು ಹೊತ್ತು ಮಾತ್ರ ನನ್ನ ಕೈ ಗಾಳಿಯಲ್ಲಿ ನಿಂತದ್ದು. ಅಷ್ಟಕ್ಕೇ ನನಗೆ ತಡೆಯಲಾಗಲಿಲ್ಲ. ಮರುದಿನ ಬೆಳಿಗ್ಗೆ ಸುರಪುರದ ಬಸ್ಸು ಹತ್ತಿದೆ.

ಅತ್ತಿಗೆ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬೆನ್ನು ಬಾಗಿದೆ, ಕಿವಿ ಇನ್ನೂ ಚುರುಕಾಗಿಯೇ ಇದೆ. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ಬಟ್ಟಲು, ದಂಟು, ಒಲೆ, ಎಲ್ಲ. ಆಕೆ ಹರಳು ಹೆಕ್ಕುತ್ತಲೇ ಕೇಳಿದಳು. ಆಮೇಲೆ ಮೊರ ಕೆಳಗಿಟ್ಟಳು.

"ಹಂಗಾದರ ನೀರು ಇರಲಿಲ್ಲ."

"ಇರಲಿಲ್ಲ ಅತ್ತಿಗಿ."

"ದಂಟು ನೀನ ಇಟ್ಟಿ."

"ನಾನ."

"ಯಾಕ?"

"ನೀ ಹೋಗಬಾರ್ದು ಅಂತ."

ಓಣಿಯಲ್ಲಿ ಕುರಿಹಿಂಡು ಹಾದುಹೋಯಿತು.

"ಆವಾಗ ನೀ ಹುಡುಗಿ," ಅಂದಳು. "ತಾಯಿಲ್ಲದ ಹುಡುಗಿ, ಅಂಜಿದ್ದಿ. ಅದು ಹೋಗಲಿ ಅಂತೀನಿ. ಸರೋಜಿ ಹುಟ್ಟಿದಾಗ ನೀ ಹುಡುಗಿ ಇದ್ದಿಯೇನು? ನಾ ಹಗ್ಗ ಹಿಡಿದು ತೂಗಾಕತ್ತಿದ್ದೆ. ನೀ ಮಲಗಿ ನೋಡಾಕತ್ತಿದ್ದಿ. ಆವಾಗರ ಒಂದು ಮಾತು ಹೇಳಬೇಕಿತ್ತಲ್ಲ ಬಸಮ್ಮ."

ನಾನು ನೆಲಕ್ಕೆ ಬಿದ್ದ ಜೋಳದ ಕಾಳು ಹೆಕ್ಕಿ ಮೊರಕ್ಕೆ ಹಾಕಿದೆ.

"ಎಳೇ ಕೂಸಿನ ಮೈ ಹೆಂಗ ಇರತದ, ನನಗ ಗೊತ್ತಿಲ್ಲ," ಅಂದಳು. ಸಿಟ್ಟಿನಿಂದಲ್ಲ, ಯಾವುದೋ ಊರು ನೋಡಿಲ್ಲ ಎಂದು ಹೇಳುವ ಹಾಗೆ.

ನಾನು ಅಳಲು ಶುರುಮಾಡಿದೆ. "ನನ್ನ ಮುಂದ ಅಳಬ್ಯಾಡ," ಅಂದಳು. "ಸರೋಜಿಗಿ ಹೇಳೀಯೇನು?"

"ಇಲ್ಲ."

"ಹೇಳು. ಈಗ ಏಳು, ಬಸ್ಸು ಸಿಗಂಗಿಲ್ಲ."

ಕ್ಷಮಿಸಿದೆ ಎಂದು ಆಕೆ ಅನ್ನಲಿಲ್ಲ. ಕೇಳುವ ಬಾಯಿ ನನಗಿರಲಿಲ್ಲ.

ಹುಣಸಗಿಗೆ ತಿರುಗಲಿಲ್ಲ, ಅಲ್ಲಿಂದಲೇ ಶಹಾಪುರಕ್ಕೆ ಹೋದೆ. ಸರೋಜಿ ಪೂರ್ತಿ ಕೇಳಿದಳು. ನನಗೆ ಊಟಕ್ಕೆ ಬಡಿಸಿ ತಾನು ಉಣ್ಣದೆ ಮಲಗಿದಳು. ಬೆಳಿಗ್ಗೆ ಶಾಲೆಗೆ ರಜೆ ಹಾಕಿ, ಎರಡು ಸೀರೆ ಚೀಲಕ್ಕೆ ತುರುಕಿ ಹೊರಟಳು. ಬಸ್‌ಸ್ಟ್ಯಾಂಡಿಗೆ ಬರಲೇ ಎಂದು ಕೇಳಿದೆ. ಬೇಡ ಎಂದು ಕೈಯಾಡಿಸಿದಳು.

ಬೋನಾಳದಲ್ಲಿ ಒಂದು ವಾರ ಇದ್ದಳಂತೆ. ಓಣಿಯ ಮನೆಮನೆಗೂ ಹೋಗಿ ನಾನು ಮಾಡಿದ್ದನ್ನು ಹೇಳಿದಳಂತೆ. ಕೆಲವರು ಕೇಳಿಸಿಕೊಂಡರು. ಕೆಲವರು, ಯಾವ ಕಾಲದ ಮಾತು ಬಿಡವ್ವ, ಅಂದರಂತೆ. ಇಷ್ಟನ್ನು ನನಗೆ ತಿಳಿಸಿದವರು ದಾಯಾದಿಗಳ ಮನೆಯವರು. ಅತ್ತಿಗೆಯೂ ಸರೋಜಿಯೂ ಆ ಕೋಣೆಯಲ್ಲಿ ಏನು ಮಾತಾಡಿಕೊಂಡರು, ಅತ್ತಿಗೆ ಅವಳ ಮೈ ಮುಟ್ಟಿದಳೋ ಇಲ್ಲವೋ, ಅದು ಅವರಿಗೂ ಗೊತ್ತಿಲ್ಲ. ಸರೋಜಿ ನನಗೆ ಹೇಳಿಲ್ಲ. ಈಗ ರಜೆ ಸಿಕ್ಕಾಗೆಲ್ಲ ಅಲ್ಲಿಗೇ ಹೋಗುತ್ತಾಳೆ. ಹುಣಸಗಿಗೆ ಬರುವುದು ಕಡಿಮೆಯಾಗಿದೆ.

ಕೇಳುವ ಹಕ್ಕು ನನಗಿಲ್ಲ. ಹಾಗಾಗಿ ಕೇಳಿಲ್ಲ.